ಎಸಿ ಇಲ್ಲದ ಆಫೀಸು ಕಟ್ಟಲು ಹೋಗಿ

ಕಟ್ಟಡ ಕಟ್ಟುವವನ ಹಣೆಬರಹದಲ್ಲಿ ನಗೆಪಾಟಲು ಅನ್ನುವುದು ಅಡಿಪಾಯದಷ್ಟೇ ಗ್ಯಾರಂಟಿ. ಗೋಡೆ ನೆಟ್ಟಗೆ ನಿಂತರೆ ಯಾರೂ ನೆನೆಯುವುದಿಲ್ಲ. ಚೂರು ವಾಲಿದರೆ ಮೂರು ತಾಲ್ಲೂಕು ನೆನೆಯುತ್ತದೆ. ನಾನು ಸಿಂಧನೂರಿನವನು. ಇಪ್ಪತ್ತು ವರ್ಷದಿಂದ ಇಲ್ಲಿ, ಮಸ್ಕಿಯಲ್ಲಿ, ಲಿಂಗಸುಗೂರಿನಲ್ಲಿ ಮಂದಿಗೆ ಆಫೀಸು ಕಟ್ಟಿಕೊಡುತ್ತ ಬಂದಿದ್ದೇನೆ. ಮೊದಲ ಹದಿನೈದು ವರ್ಷ ಗಾಜು, ಸಿಮೆಂಟು, ಎಸಿ ಅಂತ ಎಲ್ಲರನ್ನೂ ಕಾಯಿಸಿದೆ. ಈಚಿನ ಐದು ವರ್ಷ ನಮ್ಮ ಮುತ್ತಜ್ಜಂದಿರು ಕಟ್ಟುತ್ತಿದ್ದ ಹಾಗೆ ಕಲ್ಲು, ಸುಣ್ಣದ ಗಚ್ಚು, ಮಣ್ಣಿನ ಮಾಳಿಗೆ ಅಂತ ತಣ್ಣಗೆ ಮಾಡಲು ಹೊರಟಿದ್ದೇನೆ. ಕಾಯಿಸಿದಾಗಲೂ ಬೈಸಿಕೊಂಡೆ, ತಂಪು ಮಾಡಿದಾಗಲೂ ಬೈಸಿಕೊಂಡೆ. ಬೈಗುಳದಲ್ಲಿ ಮಾತ್ರ ವ್ಯತ್ಯಾಸವಿತ್ತು, ಅದನ್ನೇ ಹೇಳುತ್ತೇನೆ.

ಗಾಜಿನ ಪೆಟ್ಟಿಗೆ

ನಮ್ಮೂರ ಗಂಜ್ ರಸ್ತೆಯಲ್ಲಿ ಒಬ್ಬ ಬೀಜ-ಗೊಬ್ಬರದ ವ್ಯಾಪಾರಿ. ಮೊಬೈಲಿನಲ್ಲಿ ಯಾವುದೋ ದೇಶದ ಕಟ್ಟಡದ ಫೋಟೊ ತೋರಿಸಿ, ಮುಂಭಾಗಕ್ಕೆ ನೆಲದಿಂದ ಮಾಳಿಗೆಯತನಕ ಬರೀ ಗಾಜೇ ಬೇಕು ಅಂದ. ಅವನ ಜಾಗ ಪಶ್ಚಿಮಕ್ಕೆ ಮುಖ ಮಾಡಿತ್ತು. ಮಧ್ಯಾಹ್ನದ ಬಿಸಿಲು ಪಶ್ಚಿಮದಿಂದ ಬರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಡಿಪ್ಲೊಮಾದಲ್ಲಿ ಅದನ್ನೂ ಕಲಿಸಿದ್ದರು. ಗಿರಾಕಿ ಗಾಜು ಅಂದರೆ ಗಾಜು ಅನ್ನುವುದು ಡಿಪ್ಲೊಮಾ ಮುಗಿದ ಮೇಲೆ ಕಲಿತ ಪಾಠ. ಕಟ್ಟಿಕೊಟ್ಟೆ. ಉದ್ಘಾಟನೆಯ ದಿನ ಬಂದವರೆಲ್ಲ ಗಾಜಿನಲ್ಲಿ ತಲೆ ಬಾಚಿಕೊಂಡು ಹೋದರು.

ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಅವನ ಫೋನು ಬಂತು. ಬಂದು ಸುಮ್ಮನೆ ಒಂದು ತಾಸು ಕೂತು ಹೋಗಿ ಅಂದ. ಹೋದೆ. ಮಧ್ಯಾಹ್ನ ಮೂರು ಗಂಟೆ, ಕರೆಂಟು ಹೋಗಿತ್ತು. ಎಸಿ ಗೋಡೆಯ ಮೇಲೆ ದೇವರ ಫೋಟೊದ ಹಾಗೆ ಇತ್ತು; ನೋಡಬಹುದು, ಕೈ ಮುಗಿಯಬಹುದು. ರೆಕ್ಸಿನ್ ಕುರ್ಚಿ ನನ್ನ ಬೆನ್ನನ್ನು ಸ್ವಂತದ್ದು ಅಂತ ತಿಳಿದು ಹಿಡಿದುಕೊಂಡಿತು. ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ಅವನ ಭಾವಮೈದ ರಜೆಗೆ ಬಂದು ಅಲ್ಲೇ ಕೂತಿದ್ದ. ಭೂಮಿಯ ಹೊಟ್ಟೆಯೊಳಗೆ ಅಷ್ಟು ಆಳಕ್ಕೆ ಇಳಿದರೂ ಇಷ್ಟು ಬೆವೆತಿಲ್ಲ, ಯಾವಾಗ ಡ್ಯೂಟಿಗೆ ಹೋಗುತ್ತೇನೋ ಅನ್ನಿಸಿಬಿಟ್ಟಿದೆ ಅಂದ.

ವ್ಯಾಪಾರಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಾಜಿನ ಪಕ್ಕ ಜೋಡಿಸಿಟ್ಟ ಭತ್ತದ ಬೀಜದ ಚೀಲಗಳನ್ನು ತೋರಿಸಿ ಮೆಲ್ಲಗೆ ಹೇಳಿದ: "ಇಂಜಿನಿಯರ್ ಸಾಹೇಬ್ರ, ನಾ ಇಲ್ಲಿ ಬೀಜ ಇಟ್ಟಿದ್ದೆ. ನಿನ್ನಿ ಒಬ್ಬಾಂವ ಬಂದು ಮಂಡಕ್ಕಿ ಹೆಂಗ ಕೊಡ್ತೀರಿ ಅಂತ ಕೇಳ್ಯಾನ."

ಮೇಸ್ತ್ರಿಯ ಸಂದರ್ಶನ

ಈ ಮಂಡಕ್ಕಿಯ ಮಾತು ಗಂಜ್‌ನಲ್ಲಿ ಹಬ್ಬಿತು. ಮಾತು ಕೊಟ್ಟಿದ್ದ ಇಬ್ಬರು ಗಿರಾಕಿಗಳು ಜಾತಕ ಸರಿ ಇಲ್ಲವೆಂದು ಕೆಲಸ ಮುಂದೂಡಿದರು. ಆ ಆಫೀಸನ್ನು ಸರಿ ಮಾಡದಿದ್ದರೆ ಸಿಂಧನೂರಿನಲ್ಲಿ ನನ್ನ ಕೈಗೆ ಇನ್ನೊಂದು ಇಟ್ಟಿಗೆ ಸಿಗುವುದಿಲ್ಲ ಅನ್ನುವುದು ಗೊತ್ತಾಯಿತು.

ಅದೇ ವಾರ ಮಸ್ಕಿಯಲ್ಲಿ ನೆಂಟರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಮೊಳ ದಪ್ಪದ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನೆತ್ತಿಯಲ್ಲಿ ಒಂದು ಬೆಳಕಿಂಡಿ. ಹೊರಗೆ ಕಾಗೆ ಬಾಯಿ ತೆರೆದುಕೊಂಡು ಕೂತಿತ್ತು. ಒಳಗೆ ನನಗೆ ಊಟ ಮುಗಿಯುವುದರೊಳಗೆ ಬೆವರು ಆರಿತ್ತು. ಹದಿನೈದು ವರ್ಷ ನನ್ನ ಕಣ್ಣಿಗೆ ಬಿದ್ದೂ ಬೀಳದ ಮನೆ ಅದು. ಇದನ್ನು ಕಟ್ಟಿದವರು ಯಾರು ಅಂತ ಕೇಳಿದೆ. ಹಳೇ ಮಸೀದಿಯ ಹಿಂದಿನ ಗಚ್ಚಿನ ಮೇಸ್ತ್ರಿ ಅಂದರು.

ಮೇಸ್ತ್ರಿಗೆ ಎಪ್ಪತ್ತು ದಾಟಿತ್ತು. ಸುಣ್ಣದ ಗಚ್ಚಿನ ಕೆಲಸಕ್ಕೆ ಯಾರೂ ಕರೆಯದೆ ಎಷ್ಟೋ ವರ್ಷವಾಗಿ, ಮಗನ ಟೈಲ್ಸ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಹೋಗುವವರ ಬರುವವರ ಮನೆ ಗೋಡೆಗಳನ್ನು ಹೀಯಾಳಿಸುವುದೇ ಅವನ ಕಸುಬಾಗಿತ್ತು. ನಾನು ಅವನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹೋಗಿದ್ದೆ, ಆದರೆ ಸಂದರ್ಶನ ನಡೆದದ್ದು ನನ್ನದು. ಸುಣ್ಣ ಎಷ್ಟು ದಿನ ನೆನೆಯಬೇಕು ಅಂತ ಕೇಳಿದ. ಒಂದು ದಿನ ಅಂದೆ. ಮಗನ ಕಡೆ ತಿರುಗಿ ದಖನಿ ಉರ್ದುವಿನಲ್ಲಿ ಏನೋ ಅಂದ. ಮಗ ನಗು ತಡೆಯಲು ಟೈಲ್ಸಿನ ಹಿಂದೆ ಹೋದ. ಮಾಳಿಗೆಯ ಮೇಲೆ ಯಾವ ಮಣ್ಣು ಹಾಕಬೇಕು ಅಂತ ಕೇಳಿದ. ಮಣ್ಣು ಅಂದರೆ ಮಣ್ಣೇ ಅಲ್ಲವೇ ಅಂದೆ. ಅವನು ಚಹಾ ಬಸಿ ಕೆಳಗಿಟ್ಟು ನನ್ನನ್ನೇ ನೋಡಿದ.

"ಇದನ್ನ ನಿಮ್ಮ ಸ್ವಂತ ಮನಿಗೆ ಕಟ್ಟಸಾಕತ್ತೀರೇನ್ರಿ?"

ಅಲ್ಲ, ಗಿರಾಕಿಯ ಆಫೀಸಿಗೆ ಅಂದೆ.

"ಹಂಗ ಹೇಳ್ರಿ ಮತ್ತ. ಏನೂ ಗೊತ್ತಿಲ್ಲದ ಇಷ್ಟು ಧೈರ್ಯ ಎಲ್ಲಿಂದ ಬಂತು ಅಂತ ನೋಡಾಕತ್ತಿದ್ದೆ."

ಆರು ಗಡಿಗೆ

ಮೇಸ್ತ್ರಿ ಬಂದ. ಪಶ್ಚಿಮದ ಗಾಜು ಕಿತ್ತು ಅಲ್ಲಿ ಕಲ್ಲಿನ ಗೋಡೆ, ಅದಕ್ಕೆ ಸುಣ್ಣದ ಗಚ್ಚು ಅಂತ ತೀರ್ಮಾನವಾಯಿತು. ಗಚ್ಚು ಗಟ್ಟಿಯಾಗಲು ಬೆಲ್ಲ ಮತ್ತು ಅಳಲೆಕಾಯಿ ಕೊಳೆಹಾಕಿದ ನೀರು ಬೇಕು. ಮೇಸ್ತ್ರಿ ಆರು ದೊಡ್ಡ ಗಡಿಗೆ ತರಿಸಿ, ಬೆಲ್ಲ ಕುಟ್ಟಿ ಹಾಕಿ, ಅಳಲೆಕಾಯಿ ಜಜ್ಜಿ ಹಾಕಿ, ನೀರು ತುಂಬಿಸಿ, ಬಾಯಿಗೆ ಅರಿವೆ ಕಟ್ಟಿ ಆಫೀಸಿನ ಹಿಂದೆ ಸಾಲಾಗಿ ಇಟ್ಟ. ಹನ್ನೆರಡು ದಿನ ಯಾರೂ ಮುಟ್ಟಬಾರದು ಅಂದ.

ನಾಲ್ಕನೆಯ ದಿನಕ್ಕೆ ವಾಸನೆ ಶುರುವಾಯಿತು. ಬೆಲ್ಲ ಹುಳಿಯಾದರೆ ಅದು ಗೋಡೆಗೋ ಗಂಟಲಿಗೋ ಅಂತ ಮೂಗಿಗೆ ಗೊತ್ತಾಗುವುದಿಲ್ಲ. ಓಣಿಯ ಕೆಲವರು ಬೆಳಗ್ಗೆ ಸಂಜೆ ಆ ಕಡೆ ಸುಳಿದಾಡತೊಡಗಿದರು. ಒಬ್ಬ ಮುದುಕನಂತೂ ದಿನಾ ಬಂದು, ಬಾಣಂತಿಯ ಮನೆಯಲ್ಲಿ ಕೇಳುವ ಹಾಗೆ, ಇನ್ನೆಷ್ಟು ದಿನ ಆಗುತ್ತದೆ ಅಂತ ಕಾಳಜಿಯಿಂದ ವಿಚಾರಿಸಿಕೊಂಡು ಹೋಗುತ್ತಿದ್ದ.

ಎಂಟನೆಯ ದಿನ ಖಾಕಿ ತೊಟ್ಟ ಜಮಾದಾರನೊಬ್ಬ ಬಂದ. ಕಳ್ಳಭಟ್ಟಿ ಇಳಿಸುತ್ತಿದ್ದಾರೆ ಅಂತ ಯಾರೋ ಸುದ್ದಿ ಕೊಟ್ಟಿದ್ದರು. ನಾನು ಸುಣ್ಣ, ಬೆಲ್ಲ, ಹಳೆಯ ಕೋಟೆಗಳು, ಪೂರ್ವಜರ ಜಾಣ್ಮೆ ಅಂತ ಅರ್ಧ ತಾಸು ಭಾಷಣ ಮಾಡಿದೆ. ಜಮಾದಾರ ಪೂರ್ತಿ ಕೇಳಿ, ಬೆಲ್ಲ ಹಾಕಿ ಗೋಡೆ ಕಟ್ಟುತ್ತಾರೆ ಅಂದರೆ ನಂಬುವುದಕ್ಕೆ ನಾನೇನು ಇರುವೆಯೇ ಅಂತ ಕೇಳಿದ. ಕುಡಿದು ನೋಡಿದರೆ ತಿಳಿಯುತ್ತದೆ ಅಂತ ತಾನೇ ಒಂದು ಚರಿಗೆ ತುಂಬಿಕೊಂಡ.

ಅರ್ಧ ಕುಡಿದ. ಮುಖ ಕಿವುಚಿತು. ಮೇಸ್ತ್ರಿ ಬಹಳ ಮರ್ಯಾದೆಯಿಂದ, ಸಾಹೇಬರೇ ಸಾಕು ಬಿಡಿ, ಜಾಸ್ತಿ ಬೇಡ ಅಂದ. ಅಲ್ಲಿಗೆ ಜಮಾದಾರನ ಅನುಮಾನ ಗಟ್ಟಿಯಾಯಿತು. ಅಡ್ಡಿ ಮಾಡುತ್ತಿದ್ದಾರೆ ಅಂದರೆ ಏನೋ ಇದ್ದೇ ಇದೆ ಅಂತ ಉಳಿದರ್ಧವನ್ನೂ ಮುಗಿಸಿ, ನಾಳೆ ಬರುತ್ತೇನೆ, ಯಾರೂ ಊರು ಬಿಟ್ಟು ಹೋಗಬೇಡಿ ಅಂತ ಹೇಳಿ ಹೋದ. ಅಳಲೆಕಾಯಿಯನ್ನು ನಮ್ಮ ಮನೆಗಳಲ್ಲಿ ಹೊಟ್ಟೆ ಕಟ್ಟಿದವರಿಗೆ ಕೊಡುತ್ತಾರೆ ಅನ್ನುವುದು ಅವನಿಗೆ ನೆನಪಾಗಲಿಲ್ಲ, ನನಗೆ ಹೇಳುವಷ್ಟು ಧೈರ್ಯವಿರಲಿಲ್ಲ.

ಮರುದಿನ ಮಧ್ಯಾಹ್ನ ಬಂದ. ಕಣ್ಣು ಗುಳಿ ಬಿದ್ದಿದ್ದವು, ಬೆಲ್ಟು ಎರಡು ತೂತು ಒಳಗೆ ಹೋಗಿತ್ತು. ನಾನು ಮೊದಲೇ ಕೈ ಮುಗಿದೆ. ಅವನು ಗೋಡೆ ಹಿಡಿದುಕೊಂಡು ನಿಂತು ಹೇಳಿದ: "ದಾರೂ ಅಲ್ಲ ಅನ್ನೂದು ರುಜುವಾತಾಗೇತ್ರಿ. ಮುಂಜಾನಿಂದ ಆರು ಸಲ ರುಜುವಾತಾಗೇತಿ."

ನನ್ನ ಹಿಂದಿ

ಕಿಟಕಿಗಳಿಗೆ ಬಿದಿರಿನ ತಟ್ಟಿ ಬೇಕಾಗಿತ್ತು. ಬಿಸಿಲು ತಡೆಯಬೇಕು, ಗಾಳಿ ಬಿಡಬೇಕು. ಬಂಗಾಳಿ ನಿರಾಶ್ರಿತರು ಎಷ್ಟೋ ವರ್ಷದಿಂದ ನೆಲೆಸಿರುವ ಆರ್.ಎಚ್. ಕ್ಯಾಂಪಿನಲ್ಲಿ ಒಬ್ಬ ಅಜ್ಜಿ ಚೆನ್ನಾಗಿ ಹೆಣೆಯುತ್ತಾಳೆ ಅಂದರು. ನನಗೆ ಬಂಗಾಳಿ ಬರುವುದಿಲ್ಲ, ಅವಳಿಗೆ ಹಿಂದಿಯಾದರೂ ಬಂದೀತು ಅಂತ ದಾರಿಯುದ್ದಕ್ಕೂ ಬೈಕಿನ ಮೇಲೆ ವಾಕ್ಯಗಳನ್ನು ಉರುಹೊಡೆದೆ.

ಅಜ್ಜಿ ಭತ್ತದ ಹುಲ್ಲಿನ ಬಣವೆಯ ನೆರಳಿನಲ್ಲಿ ಕೂತು ಬಿದಿರು ಸೀಳುತ್ತಿದ್ದಳು. ನಾನು ಎದುರು ಕೂತೆ, ಉರುಹೊಡೆದ ಹಿಂದಿ ನಮಸ್ತೆಗೇ ಮುಗಿದುಹೋಯಿತು; ಕಿಟಕಿ ಅನ್ನುವುದಕ್ಕೆ ಕೈಯಲ್ಲಿ ಚೌಕ ಬರೆದೆ. ಗಾಳಿ ಅನ್ನುವುದಕ್ಕೆ ಉಫ್ ಅಂತ ಊದಿದೆ. ಬಿಸಿಲು ಅನ್ನುವುದಕ್ಕೆ ಆಕಾಶ ತೋರಿಸಿ ಅಂಗಿಯ ಗುಂಡಿ ಬಿಚ್ಚಿದೆ. ಅಳತೆ ಹೇಳುವಷ್ಟರಲ್ಲಿ ಎದ್ದು ನಿಂತು ಎರಡೂ ತೋಳು ಚಾಚಬೇಕಾಯಿತು. ಅಜ್ಜಿ ಕತ್ತಿ ಕೆಳಗಿಟ್ಟು ಪೂರ್ತಿ ನೋಡಿದಳು. ಸುತ್ತ ನಾಲ್ಕು ಮಂದಿ ಸೇರಿದರು. ಅವರಲ್ಲೊಬ್ಬ ಕೂರಲು ಮಂಚ ತಂದು ಹಾಕಿಕೊಂಡ.

ಎಲ್ಲ ಮುಗಿದ ಮೇಲೆ ಅಜ್ಜಿ, ಹುಲ್ಲು ಒಯ್ಯಲು ಬಂದಿದ್ದ ಸಿಂಧನೂರಿನ ಹೆಂಗಸಿಗೆ ಅಂದಳು: "ಪಾಪ, ದವಾಖಾನಿಗೆ ತೋರಿಸ್ಯಾರೋ ಇಲ್ಲೋ. ನೋಡಾಕ ನಮ್ಮ ಸಿಂಧನೂರು ಕಡಿಯವರಂಗ ಕಾಣಿಸ್ತಾರ, ಕನ್ನಡ ಒಂದು ಅಕ್ಷರ ಬರಂಗಿಲ್ಲ ನೋಡು."

ಸಾಕ್ಷಿ

ತಟ್ಟಿ ಬಂತು, ಗೋಡೆ ಆಯಿತು, ವ್ಯಾಪಾರಿಯ ಬೀಜ ಬೀಜವಾಗಿಯೇ ಉಳಿಯಿತು. ಅದನ್ನು ನೋಡಿ ಅವನ ನೆಂಟ, ಲಿಂಗಸುಗೂರಿನ ಒಬ್ಬ ವಕೀಲರು, ನನಗೂ ಹೀಗೇ ಒಂದು ಆಫೀಸು ಮಾಡಿಕೊಡಿ, ಮೇಲೆ ಮಣ್ಣಿನ ಮಾಳಿಗೆಯೂ ಇರಲಿ ಅಂದರು.

ಮಾಳಿಗೆಗೆ ಸವಳು ಮಣ್ಣೇ ಹಾಕಬೇಕು, ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ನೀರು ಇಳಿಯುವುದಿಲ್ಲ ಅಂತ ಮೇಸ್ತ್ರಿ ಹೇಳಿದ್ದ. ಆ ವಾರ ಅವನಿಗೆ ಮಂಡಿನೋವು, ಕೆಲಸಕ್ಕೆ ಬಂದಿರಲಿಲ್ಲ. ಸವಳು ಹುಡುಕಿಕೊಂಡು ಹೋಗಲು ನನಗೆ ಬೇಜಾರು. ಪಕ್ಕದಲ್ಲೇ ಕೆರೆ ಹೂಳು ತುಂಬಿಕೊಂಡು ಟ್ರ್ಯಾಕ್ಟರ್ ಹೊರಟಿತ್ತು. ಮಣ್ಣು ಅಂದರೆ ಮಣ್ಣೇ ಅಂತ ಹಾಕಿಸಿದೆ. ಮುಂಗಾರಿನ ಎರಡು ಮಳೆಗೆ ವಕೀಲರ ಮಾಳಿಗೆಯ ಮೇಲೆ ಮೊಣಕಾಲುದ್ದ ಹುಲ್ಲು ಬಂತು. ವಕೀಲರು ಮೊದಮೊದಲು ಗಾರ್ಡನ್ ಅಂತ ಫೋಟೊ ತೆಗೆದು ಎಲ್ಲರಿಗೂ ಕಳಿಸಿದರು.

ಒಂದು ಶನಿವಾರ ನಾನು ಬಿಲ್ಲಿನ ಮಾತಿಗೆಂದು ಹೋಗಿ ಮೂಲೆಯಲ್ಲಿ ಕೂತಿದ್ದೆ. ವಕೀಲರ ಮುಂದೆ ಇಬ್ಬರು ರೈತರು. ಪಕ್ಕದ ಹೊಲದವನ ಆಡುಗಳು ತನ್ನ ತೊಗರಿ ಮೇಯ್ದಿವೆ ಅಂತ ಒಬ್ಬನ ದೂರು. ಕೋರ್ಟಿಗೆ ಹೋಗುವ ಮೊದಲು ರಾಜಿ ಮಾಡಿಸೋಣ ಅಂತ ವಕೀಲರು ಇಬ್ಬರನ್ನೂ ಕರೆಸಿದ್ದರು. ಆಡಿನವನು ಸಂತೆಗೆ ಹೊರಟವನು ಎರಡು ಆಡುಗಳನ್ನು ಹೊರಗೆ ಬೇವಿನ ಗಿಡಕ್ಕೆ ಕಟ್ಟಿ ಬಂದಿದ್ದ. ತನ್ನ ಆಡುಗಳು ಎಷ್ಟು ಮರ್ಯಾದಸ್ತವು ಅನ್ನುವುದನ್ನು ಅವನು ವಿವರವಾಗಿ ಹೇಳಿದ. ಮಂದಿಯ ಹುಲ್ಲನ್ನು ಮೂಸಿಯೂ ನೋಡುವುದಿಲ್ಲ, ತಾನು ಹಾಕಿದರೆ ಉಂಟು, ಇಲ್ಲದಿದ್ದರೆ ಉಪವಾಸ ಇರುತ್ತವೆ ಅಂದ. ದೇವರ ಮೇಲೆ ಆಣೆ ಇಡಲು ಕೈಯನ್ನೂ ಎತ್ತಿದ.

ಅಷ್ಟರಲ್ಲಿ ಕೋಣೆಗೆ ಕತ್ತಲಾಯಿತು. ತಲೆಯೆತ್ತಿ ನೋಡಿದರೆ ಬೆಳಕಿಂಡಿಯಲ್ಲಿ ಒಂದು ಗಡ್ಡದ ಮುಖ, ಬಾಯಲ್ಲಿ ವಕೀಲರ ಗಾರ್ಡನ್, ಕೊರಳಲ್ಲಿ ಕಡಿದುಕೊಂಡ ಹಗ್ಗ. ಹಿಂದಿನ ಕಲ್ಲಿನ ರಾಶಿ ಹತ್ತಿ ಅದು ಮಾಳಿಗೆ ಸೇರಿತ್ತು. ಎಲ್ಲರನ್ನೂ ಒಂದು ಸಲ ನೋಡಿ, ಅಗಿಯುತ್ತಲೇ ಹಿಂದಕ್ಕೆ ತಿರುಗಿತು. ಮರುಕ್ಷಣ ವಕೀಲರ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ದೂರು ಅರ್ಜಿಯ ಮೇಲೆ ಹಿಕ್ಕೆ ಪಟಪಟ ಉದುರಿತು.

ತೊಗರಿಯವನು ಅರ್ಜಿಯನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿ ವಕೀಲರಿಗೆ ತೋರಿಸಿದ. "ಸಾಕ್ಷಿ ತಾನಾಗೇ ಬಂದೇತ್ರಿ ಸಾಹೇಬ್ರ. ಶಿಕ್ಕಾನೂ ಒತ್ತಿ ಹೋಗೇತಿ."

ಮುಗಿಯದ ಸಭೆ

ಮಸ್ಕಿ ರಸ್ತೆಯಲ್ಲಿ ಕಾಲುವೆಯ ದಂಡೆಗೆ ಭತ್ತ ಬೆಳೆಗಾರರ ಒಂದು ಸಂಘ. ಅದರ ಅಧ್ಯಕ್ಷರು ಹನ್ನೆರಡು ವರ್ಷದಿಂದ ಅವಿರೋಧವಾಗಿ ಆರಿಸಿ ಬರುತ್ತಿದ್ದರು. ಅದರ ಗುಟ್ಟು ಎಲ್ಲರಿಗೂ ಗೊತ್ತಿತ್ತು, ಹೇಳುವ ತ್ರಾಣ ಯಾರಿಗೂ ಇರಲಿಲ್ಲ. ವಾರ್ಷಿಕ ಸಭೆ ನಡೆಯುತ್ತಿದ್ದದ್ದು ಸುಡು ಬೇಸಿಗೆಯಲ್ಲಿ, ಮಧ್ಯಾಹ್ನ ಎರಡಕ್ಕೆ, ತಗಡಿನ ಶೆಡ್ಡಿನಲ್ಲಿ. ಒಳಗೆ ಹೋದವರು ಹತ್ತು ನಿಮಿಷಕ್ಕೆ ಬಾಡಿದ ಪಲ್ಯವಾಗುತ್ತಿದ್ದರು. ಇವರೇ ಮುಂದುವರಿಯಲಿ ಅನ್ನುವುದಕ್ಕೆ ಎಲ್ಲರ ಒಪ್ಪಿಗೆ ಇದೆಯಲ್ಲ ಅಂತ ಕಾರ್ಯದರ್ಶಿ ಕೇಳುವ ಹೊತ್ತಿಗೆ ಮಂದಿ ಹಣೆಯ ಬೆವರು ಒರೆಸಿಕೊಳ್ಳಲು ಕೈ ಎತ್ತಿರುತ್ತಿದ್ದರು. ಸದಸ್ಯರು ಕೈ ಎತ್ತಿ ಒಪ್ಪಿದರು ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಈ ಅಧ್ಯಕ್ಷರು ಒಂದು ದಿನ ಬೀಜದ ವ್ಯಾಪಾರಿಯ ಆಫೀಸಿಗೆ ಬಂದವರು ಕುರ್ಚಿಯಲ್ಲೇ ಎರಡು ತಾಸು ನಿದ್ದೆ ಹೋದರು. ಎದ್ದ ತಕ್ಷಣ, ನಮ್ಮ ಸಂಘಕ್ಕೂ ಹೀಗೇ ಆಫೀಸು, ಜೊತೆಗೊಂದು ಸಭಾಭವನ ಆಗಲಿ ಅಂದರು. ನಿದ್ದೆಗಣ್ಣಿನಲ್ಲಿ ತೆಗೆದುಕೊಂಡ ತೀರ್ಮಾನ ಅದು.

ನಾನೂ ಮೇಸ್ತ್ರಿಯೂ ಕೈಯಲ್ಲಿದ್ದ ವಿದ್ಯೆಯನ್ನೆಲ್ಲ ಅಲ್ಲಿ ಸುರಿದೆವು. ನಡುವೆ ಸಂದು ಬಿಟ್ಟ ಜೋಡಿ ಕಲ್ಲುಗೋಡೆ. ಈ ಸಲ ನಿಜವಾದ ಸವಳು ಮಣ್ಣಿನ ಮಾಳಿಗೆ. ಬಿಸಿಗಾಳಿ ಮೇಲೆ ಹೋಗಲು ಎತ್ತರದ ಕಿಂಡಿಗಳು. ಕಾಲುವೆ, ಗದ್ದೆಯ ಕಡೆಯ ಗಾಳಿ ಒಳಗೆ ಬರಲು ತೂತಿನ ಇಟ್ಟಿಗೆ ಗೋಡೆ. ಮುಗಿದ ದಿನ ಮೇಸ್ತ್ರಿ ಒಳಗೋಡೆಗೆ ಕೆನ್ನೆ ಹಚ್ಚಿ ಸ್ವಲ್ಪ ಹೊತ್ತು ನಿಂತ. ಏನಾಯಿತು ಅಂತ ಕೇಳಿದೆ. ಇಷ್ಟು ವರ್ಷ ಆದ ಮೇಲೆ ಕೈ ಮರೆತಿರಬಹುದು ಅಂತ ಹೆದರಿಕೆ ಇತ್ತು, ಮರೆತಿಲ್ಲ ಅಂದ.

ಆ ವರ್ಷದ ಸಭೆ ಹೊಸ ಭವನದಲ್ಲಿ. ನನಗೆ ಶಾಲು ಹೊದಿಸುತ್ತೇವೆ ಅಂತ ಕರೆದು ಅಧ್ಯಕ್ಷರ ಪಕ್ಕದಲ್ಲೇ ಕೂರಿಸಿದ್ದರು. ಅರ್ಧ ತಾಸಿನ ಕೆಲಸ, ಮುಗಿಸಿಕೊಂಡು ಊಟಕ್ಕೆ ಹೋಗೋಣ ಅಂತ ಅಧ್ಯಕ್ಷರು ನನ್ನ ಕಿವಿಯಲ್ಲಿ ಹೇಳಿದರು. ಕಾರ್ಯದರ್ಶಿ ಎದ್ದು, ಎಲ್ಲರ ಒಪ್ಪಿಗೆ ಇದೆಯಲ್ಲ ಅಂತ ಕೇಳಿದ. ಒಂದು ಕೈಯೂ ಮೇಲೇಳಲಿಲ್ಲ. ಒರೆಸಿಕೊಳ್ಳಲು ಯಾರ ಹಣೆಯಲ್ಲೂ ಬೆವರಿರಲಿಲ್ಲ.

ವಳಕಮದಿನ್ನಿಯ ಒಬ್ಬ ಹಿರಿಯ ರೈತ ನಿಧಾನಕ್ಕೆ ಎದ್ದ. ಪ್ರತಿ ವರ್ಷ ಒಂದು ಪ್ರಶ್ನೆ ಇಟ್ಟುಕೊಂಡು ಬರುತ್ತಿದ್ದೆ, ಪ್ರತಿ ವರ್ಷ ಬಿಸಿಲಿನ ಝಳಕ್ಕೆ ಮರೆತುಹೋಗುತ್ತಿತ್ತು, ಈ ವರ್ಷ ಮರೆತಿಲ್ಲ ಅಂದ. ಸಂಘದ ಭತ್ತ ಕೊಯ್ಯುವ ಮಷೀನು ಪ್ರತಿ ಸುಗ್ಗಿಯಲ್ಲೂ ಅಧ್ಯಕ್ಷರ ಗದ್ದೆಯಿಂದಲೇ ಯಾಕೆ ಶುರುವಾಗುತ್ತದೆ? ಅಧ್ಯಕ್ಷರು, ನಮ್ಮ ಗದ್ದೆ ರಸ್ತೆಗೆ ಹತ್ತಿರ ಅಂದರು. ಆಗ ಒಬ್ಬ ರೈತ ಮಹಿಳೆ ಎದ್ದಳು. ತನ್ನ ಗದ್ದೆ ಇನ್ನೂ ಹತ್ತಿರ, ಮಷೀನು ತನ್ನ ಬದುವಿನ ಮೇಲೆ ಹಾದುಕೊಂಡೇ ಅವರಲ್ಲಿಗೆ ಹೋಗುತ್ತದೆ ಅಂದಳು. ಮಂದಿ ನಕ್ಕರು. ನಗಲಿಕ್ಕೂ ಶಕ್ತಿ ಉಳಿದಿದೆ ಅನ್ನುವುದು ಅವರಿಗೆ ಆಗಲೇ ತಿಳಿದದ್ದು. ಆಮೇಲೆ ಮೂರನೆಯವನು ಎದ್ದ, ನಾಲ್ಕನೆಯವನು ಎದ್ದ. ಯಾರೋ ಮಿರ್ಚಿ ಭಜಿ ತರಿಸಿದರು. ಒಬ್ಬ ಪಂಚೆ ಸಡಿಲಿಸಿ ಗೋಡೆಗೆ ಒರಗಿ ಕೂತ.

ಅಧ್ಯಕ್ಷರು ಕಾರ್ಯದರ್ಶಿಯನ್ನು ಕರೆದು, ಫ್ಯಾನು ಬಂದ್ ಮಾಡು ಅಂತ ಪಿಸುಗುಟ್ಟಿದರು. ಅವನು ಹೋಗಿ ಬಂದು, ಕರೆಂಟು ಹೋಗಿ ಆಗಲೇ ಒಂದು ತಾಸಾಗಿದೆ, ಯಾರಿಗೂ ಗೊತ್ತಾಗಿಲ್ಲ ಅಂದ. ಬಾಗಿಲೆಲ್ಲ ಹಾಕಿ ಅಂದರು. ಹಾಕಿದರು, ತೂತಿನ ಗೋಡೆಯ ಗಾಳಿ ಇನ್ನಷ್ಟು ಜೋರಾಗಿ ಬಂತು. ಕೊನೆಗೆ ನನ್ನ ಕಡೆ ಬಾಗಿದರು.

"ಸಾಹೇಬ್ರ, ಇದನ್ನ ಸ್ವಲ್ಪ ಬಿಸಿ ಮಾಡಾಕ ಏನರ ಉಪಾಯ ಐತೇನ್ರಿ?"

ಗೋಡೆ ಜೋಡಿಯದು, ಹೊರಗಿನ ಬಿಸಿಲು ಒಳಗೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ ಅಂತ ನಾನು ಸತ್ಯವನ್ನೇ ಹೇಳಿದೆ. ಇಪ್ಪತ್ತು ವರ್ಷದಲ್ಲಿ ಗಿರಾಕಿಯೊಬ್ಬರಿಗೆ ನಾನು ಹೇಳಿದ ಮೊದಲ ಸತ್ಯ ಅದು, ಅವರಿಗೆ ರುಚಿಸಲಿಲ್ಲ.

ಸಂಜೆ ಆರಕ್ಕೆ ಮಂದಿ ಚುನಾವಣೆ ಆಗಲಿ ಅಂದರು. ಕೈಗಳು ಎದ್ದವು, ಈ ಸಲ ಖರೇಖರೇ ಎದ್ದವು. ಬದುವಿನ ಮಾತು ತೆಗೆದ ಆ ಮಹಿಳೆ ಹೊಸ ಅಧ್ಯಕ್ಷೆಯಾದಳು. ನನಗೆ ಹೊದಿಸಬೇಕಿದ್ದ ಶಾಲಿನಿಂದ ಹಳೆಯ ಅಧ್ಯಕ್ಷರು ಮುಖ ಒರೆಸಿಕೊಂಡು ಎದ್ದುಹೋದರು. ಅವತ್ತು ಆ ಭವನದಲ್ಲಿ ಬೆವೆತವರು ಅವರೊಬ್ಬರೇ.

ವರ್ಷ ತುಂಬುತ್ತ ಬಂತು. ಹೊಸ ಅಧ್ಯಕ್ಷೆ ಕೆಲಸ ಚೆನ್ನಾಗಿ ಮಾಡುತ್ತಿದ್ದಾಳೆ ಅಂತ ಕೇಳಿದ್ದೆ. ಮಷೀನು ಈಗ ಅವಳ ಗದ್ದೆಯಿಂದ ಶುರುವಾಗುತ್ತದೆ ಅಂತಲೂ ಕೇಳಿದ್ದೆ; ಅದು ರಸ್ತೆಗೆ ಇನ್ನೂ ಹತ್ತಿರವಲ್ಲವೇ. ಒಂದು ದಿನ ನಡುಬೇಸಿಗೆಯಲ್ಲಿ, ಹೊರಗೆ ಡಾಂಬರು ಕರಗುತ್ತಿದ್ದ ಹೊತ್ತಿನಲ್ಲಿ, ನನ್ನ ಆಫೀಸಿಗೆ ಬಂದಳು. ನೀರು ಕುಡಿದು, ಭವನ ಬಹಳ ಚೆಂದ ಕಟ್ಟಿದ್ದೀರಿ ಅಂತ ಹೊಗಳಿ, ಬಾಗಿಲ ಕಡೆ ಒಂದು ಸಲ ನೋಡಿ, ಕುರ್ಚಿ ಹತ್ತಿರ ಎಳೆದುಕೊಂಡಳು. ಭವನದ ಪಕ್ಕದ ಬಯಲಿನಲ್ಲಿ ಒಂದು ತಗಡಿನ ಶೆಡ್ಡು ಆಗಬೇಕು, ಜಲ್ದಿ ಆಗಬೇಕು, ಮುಂದಿನ ತಿಂಗಳ ವಾರ್ಷಿಕ ಸಭೆ ಅಲ್ಲೇ ಮಾಡೋಣ ಅಂತಿದ್ದೇವೆ ಅಂದಳು.

ಅಷ್ಟು ತಣ್ಣನೆಯ ಭವನ ಇರುವಾಗ ತಗಡಿನ ಶೆಡ್ಡು ಯಾಕೆ ಅಂತ ಕೇಳಿದೆ.

"ಅದಽ ನೋಡ್ರಿ," ಅಂದಳು, "ಮಂದಿಗೆ ಎಲ್ಲಿ ಥಂಡಿ ಹಿಡಿತೈತೋ ಅಂತ ನನಗ ಫಿಕರಾಗೇತಿ."